ಪಂಪಿನ ಮುಯ್ಯಿ

“ಕೂಲಿಗಿ ಹೋಗಿದ್ದಾ ಅಂತ ಆವತ್ತ ಹೇಳಾಕ ಏನಾಗಿತ್ತಬೇ ನಿನಗ? ಬಾಯಾಗ ಹುಣ್ಣ ಎದ್ದಿತ್ತೇನ?”

ಗುಮಾಸ್ತ ಇದನ್ನು ನನ್ನ ಮುಖ ನೋಡಿ ಕೇಳಲಿಲ್ಲ, ಕಾಗದ ನೋಡಿ ಕೇಳಿದ. ತಾಲೂಕಿನ ಆ ಕಚೇರಿಗೆ ನಾನು ಹೋದದ್ದು ಅದು ನಾಲ್ಕನೆಯ ಸಲ. ಮೂರು ಸಲ ಸಾಹೇಬರು ಇರಲಿಲ್ಲ. ನಾಲ್ಕನೆಯ ಸಲ ಇದ್ದರು. ಒಳಗೆ ಕೂತು ಫೋನಿನಲ್ಲಿ ಯಾರಿಗೋ ತಮ್ಮ ಹೊಸ ಮನೆಯ ಬಾಗಿಲು ಯಾವ ದಿಕ್ಕಿಗೆ ಬರಬೇಕೆಂದು ಹೇಳುತ್ತಿದ್ದರು.

“ಏನ ಬರದೈತಿ, ಒಂದ ಸಲ ಓದಿ ಹೇಳ್ರಿ ಸರ,” ಎಂದೆ.

ಅವನು ಓದಿದ. ಹೊಲದಲ್ಲಿ ಔಷಧ ಹೊಡೆಯುವಾಗ ಯಾರಿಗಾದರೂ ವಿಷ ತಗುಲಿದರೆ ಆಸ್ಪತ್ರೆಯವರು ಒಂದು ವರದಿ ತುಂಬಿ ಕಳಿಸಬೇಕಂತೆ. ಅದೇ ಹಾಳೆ ಅದು. ರೋಗಿಯ ಹೆಸರು ರಾಯಪ್ಪ. ವಯಸ್ಸು ನಲವತ್ತಾರು. ಔಷಧದ ಹೆಸರು ಇಂಗ್ಲಿಷಿನಲ್ಲಿತ್ತು, ಅದನ್ನು ಓದಲು ಅವನೇ ಎರಡು ಸಲ ತಡವರಿಸಿದ. ಹೊಲ ಮುರಿಗೆಪ್ಪ ಸಾವ್ಕಾರರದು. ಕೆಲಸದ ಬಗೆ, ಮುಯ್ಯಾಳು. ಹೇಳಿಕೆ ಕೊಟ್ಟವರು ಹೆಂಡತಿ ದುಂಡವ್ವ. ಕೆಳಗೆ ನನ್ನ ಹೆಬ್ಬೆಟ್ಟು.

“ಮುಯ್ಯಾಳ ಅಂದ್ರ ಏನ? ಇವತ್ತ ನಾ ನಿನ್ನ ಹೊಲಕ್ಕ, ನಾಳಿ ನೀ ನನ್ನ ಹೊಲಕ್ಕ. ಅದರಾಗ ಮಾಲಕ ಯಾರ, ಆಳ ಯಾರ? ಮಾಲಕನ ಇಲ್ಲಂದ್ರ ಪರಿಹಾರ ಕೊಡಾವ ಯಾರ? ನಿಮ್ಮಪ್ಪನ?”

ಬಾಜೂ ಕುರ್ಚಿಯಲ್ಲಿದ್ದ ಹೆಣ್ಣುಮಗಳು ನಕ್ಕಳು.

“ನಮ್ಮಪ್ಪ ಸತ್ತ ಬಾಳ ವರ್ಷ ಆತ್ರಿ,” ಎಂದೆ.

ಅವನು ಈಗ ತಲೆ ಎತ್ತಿದ. ಎದುರು ಮಾತಾಡುವ ವಿಧವೆಯನ್ನು ನೋಡಲು ಎತ್ತಿದ್ದು, ಬೇರೆ ಕಾರಣವಿರಲಿಲ್ಲ. “ಸಂಕ್ರಾಂತಿ ಆದ ಮ್ಯಾಲ ಇಪ್ಪತ್ತನೇ ತಾರೀಖ ವಿಚಾರಣಿ ಐತಿ. ಸಾವ್ಕಾರೂ ಬರ್ತಾರ. ನಿನ್ನ ಗಂಡ ಪಗಾರಕ್ಕ ಹೋಗಿದ್ದಾ ಅಂತ ಹೇಳಾಕ ಒಬ್ಬ ಸಾಕ್ಷಿ ಕರಕೊಂಡ ಬಾ. ಒಬ್ಬ ಸಾಕ. ಇಲ್ಲಾಂದ್ರ ಕಡತ ಮುಚ್ಚಿ ಕಪಾಟಿನ್ಯಾಗ ಒಗೀತೇವಿ. ನಡಿ.”

ನಡೆದೆ. ಬಸ್ಸಿನಲ್ಲಿ ಕಿಟಕಿ ಕಡೆ ಜಾಗ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿದ್ದಾಗ ನಾನು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮುಯ್ಯಿ ಎಂದು ಹೇಳಿದ್ದು ನಾನೇ. ಅದನ್ನು ಯಾರ ತಲೆಯ ಮೇಲೂ ಹಾಕುವಂತಿರಲಿಲ್ಲ.

*

ನಮ್ಮ ಮನೆತನಕ್ಕೆ ಒಂದು ಕಾಲದಲ್ಲಿ ನೂರು ಕುರಿ ಇದ್ದವಂತೆ. ನಾನು ಸೊಸೆಯಾಗಿ ಬಂದಾಗ ಕಂಡದ್ದು ಒಂಬತ್ತು. ಅವೂ ಹೋದವು. ಕೊನೆಗೆ ಉಳಿದದ್ದು ಮೇಲವಂಕಿ ಊರಿನ ಆಚೆಗೆ ಇಪ್ಪತ್ತು ಗುಂಟೆ ಹೊಲ ಮತ್ತು ರಾಯಪ್ಪನ ಮೀಸೆ. ಆ ಮೀಸೆಯ ಕೆಳಗಿನಿಂದ ‘ಕೂಲಿ’ ಎನ್ನುವ ಮಾತು ಒಮ್ಮೆಯೂ ಹೊರಗೆ ಬಿದ್ದಿರಲಿಲ್ಲ. ಕುರಿ ಕಾಯ್ದವರು ಯಾರ ಬಾಗಿಲಿಗೂ ಪಗಾರಕ್ಕೆ ನಿಲ್ಲುವುದಿಲ್ಲ ಎಂದು ಅವನ ಅಪ್ಪ ಹೇಳಿ ಸತ್ತಿದ್ದನಂತೆ. ಸಾಯುವವರು ಇಂಥ ಮಾತು ಹೇಳಿ ಹೋಗುತ್ತಾರೆ, ಇರುವವರು ಅದನ್ನು ಹೊತ್ತು ತಿರುಗಬೇಕು.

ಕೂಲಿ ಇಲ್ಲ ಅಂದರೆ ಮುಯ್ಯಿ. ನಾವು, ಲಕ್ಕವ್ವ, ಸತ್ತೆಪ್ಪ, ಇನ್ನೂ ಎರಡು ಮನೆಯವರು, ಎಲ್ಲರೂ ಅಂಗೈ ಅಗಲದ ಹೊಲದವರು. ಇವತ್ತು ಎಲ್ಲರೂ ಅವರ ಹೊಲದಲ್ಲಿ, ನಾಳೆ ಎಲ್ಲರೂ ನಮ್ಮ ಹೊಲದಲ್ಲಿ. ಕಳೆ ತೆಗೆದರೆ ಕಳೆಗೆ ಬರಬೇಕು, ರಾಶಿ ಮಾಡಿದರೆ ರಾಶಿಗೆ ಬರಬೇಕು. ಬರಲಾಗದಿದ್ದರೆ ಮನೆಯಿಂದ ಇನ್ನೊಬ್ಬರನ್ನು ಕಳಿಸಬೇಕು. ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ತಿನ್ನಬೇಕು. ತೀರಿಸದೆ ಉಳಿದ ಮುಯ್ಯಿ ಇದ್ದರೆ ಊರಲ್ಲಿ ತಲೆ ಎತ್ತುವಂತಿಲ್ಲ.

ಆರು ವರ್ಷದ ಹಿಂದೆ ಮುರಿಗೆಪ್ಪ ಸಾವ್ಕಾರ ನಮ್ಮ ಬಾಗಿಲಿಗೆ ತಾನೇ ಬಂದಿದ್ದ. ಹದಿನೆಂಟು ಎಕರೆಯವನು ನಮ್ಮ ಕಟ್ಟೆಯ ಮೇಲೆ ಕೂತ. “ರಾಯಪ್ಪಾ, ನೀ ಏನ ಕೂಲಿಯಾಂವಾ? ನೀ ನನ್ನ ತಮ್ಮ ಇದ್ದಂಗ. ಔಷಧ ಹೊಡ್ಯಾಕ ಮುಯ್ಯಿಗಿ ಬಾ. ನಿನ್ನ ಹೊಲಾ ಹರಗಾಕ ನನ್ನ ಟ್ರ್ಯಾಕ್ಟರ ಬರ್ತೈತಿ,” ಎಂದ. ಅವತ್ತು ರಾಯಪ್ಪ ಮೀಸೆ ತಿರುವಿದ್ದನ್ನು ನೀವು ನೋಡಬೇಕಿತ್ತು. ನಮ್ಮ ಹೊಲಕ್ಕೆ ಬರುವ ನೀರಿನ ಪೈಪು ಸಾವ್ಕಾರನ ಹೊಲ ದಾಟಿಯೇ ಬರಬೇಕು, ಆದ್ದರಿಂದ ಇಲ್ಲ ಅನ್ನುವ ಹಾಗೂ ಇರಲಿಲ್ಲ. ಆದರೆ ಅವನು ಹೋದದ್ದು ನೀರಿಗಾಗಿ ಅಲ್ಲ. ಆ ‘ತಮ್ಮ’ ಅನ್ನುವ ಮಾತಿಗಾಗಿ ಹೋದ.

ಆರು ವರ್ಷದಲ್ಲಿ ಟ್ರ್ಯಾಕ್ಟರು ಒಮ್ಮೆ ಬಂತು. ಊರಿನವರ ಬೆಳೆ ಗೇಣುದ್ದ ಎದ್ದ ಮೇಲೆ ಬಂತು. ಸಾವ್ಕಾರನ ಮನೆಯಲ್ಲಿ ರೊಟ್ಟಿ ಕೊಡುತ್ತಿದ್ದರು ನಿಜ, ಅವನ ಹೆಂಡತಿ ನಂದಾ ಅದನ್ನು ದನದ ಕೊಟ್ಟಿಗೆಯ ಗೋಡೆಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ರಾಯಪ್ಪ ಅಲ್ಲಿ ಕುಕ್ಕರಗಾಲಲ್ಲಿ ಕೂತು ತಿನ್ನುವುದನ್ನು ನಾನು ಕಣ್ಣಾರೆ ಕಂಡೆ. ಮುಯ್ಯಿಗೆ ಹೋದವನಿಗೆ ಕೊಟ್ಟಿಗೆಯ ಗೋಡೆಯ ಹತ್ತಿರ ಯಾಕೆ ಎಂದು ಕೇಳಿದರೆ, “ಔಷಧದ ಕೈ, ಒಳಗ ಹೆಂಗ ಕುಂದ್ರಲಿ?” ಅಂದ. ಅವನ ಹತ್ತಿರ ಎಲ್ಲದಕ್ಕೂ ಒಂದು ಉತ್ತರ ಇರುತ್ತಿತ್ತು.

*

ಗಣಪತಿ ಹಬ್ಬದ ಮರುವಾರ. ಸಾವ್ಕಾರನ ಗೋವಿನಜೋಳಕ್ಕೆ ಹುಳು ಬಿದ್ದಿತ್ತು. ಮೊಣಕಾಲೆತ್ತರ ಇದ್ದಾಗ ಹೊಡೆಯಬೇಕಾದ ಔಷಧವನ್ನು ಆಳಿನ ತಲೆ ಮೀರಿ ಬೆಳೆದ ಮೇಲೆ ಹೊಡೆಸಿದ. ಹುಳು ಇರುವುದು ಸುಳಿಯಲ್ಲಿ. ಪಂಪಿನ ಕೋಲನ್ನು ತಲೆಯ ಮೇಲಕ್ಕೆ ಎತ್ತಿ ಹೊಡೆಯಬೇಕು. ಹೊಡೆದದ್ದು ಅರ್ಧ ಸುಳಿಗೆ, ಅರ್ಧ ಹೊಡೆದವನ ಮುಖಕ್ಕೆ. ಒಳಗೆ ಗಾಳಿ ಆಡುವುದಿಲ್ಲ. ಮೇಲಾಗಿ ಆ ಬೆನ್ನಪಂಪಿನ ಮುಚ್ಚಳದೊಳಗಿನ ರಬ್ಬರಿನ ವಾಯಿಸರು ಹೋಗಿ ವರ್ಷವಾಗಿತ್ತು. ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕು ಸುತ್ತಿ ಮುಚ್ಚುತ್ತಿದ್ದರು. ಸಂಜೆ ರಾಯಪ್ಪ ಅಂಗಿ ಬಿಚ್ಚಿದರೆ ಬೆನ್ನು ಉದ್ದಕ್ಕೂ ಒದ್ದೆ ಇರುತ್ತಿತ್ತು, ಕೆಂಪಾಗಿರುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಿದ್ದ. ಹಚ್ಚುತ್ತಿದ್ದೆ.

ಆವತ್ತು ಅವನ ಜೊತೆ ಪಂಪು ಹೊತ್ತವನು ಸಿದ್ರಾಯ, ರಾಯಪ್ಪನ ಕಾಕಾನ ಮಗ. ಸಿದ್ರಾಯನಿಗೆ ಮೀಸೆ ಇಲ್ಲ, ಅವನು ರಾಜಾರೋಷವಾಗಿ ಪಗಾರಕ್ಕೆ ಹೋಗುವವನು. ಒಂದೇ ಹೊಲ, ಒಂದೇ ಡ್ರಮ್ಮು, ಒಂದೇ ಬಾಟಲಿ. ಒಬ್ಬ ಕೂಲಿ, ಒಬ್ಬ ಮುಯ್ಯಿ.

ಎರಡು ಗಂಟೆಯ ಹೊತ್ತಿಗೆ ಯಾರೋ ಓಡಿ ಬಂದು “ನಿನ್ನ ಗಂಡ ಬಿದ್ದಾನ” ಎಂದರು. ಹೋಗಿ ನೋಡಿದರೆ ಬದುವಿನ ಮೇಲೆ ಪಂಪಿನ ಸಮೇತ ಅಡ್ಡ ಬಿದ್ದಿದ್ದ. ಬಾಯಿ ತುಂಬ ಜೊಲ್ಲು, ಕೈಕಾಲು ನಡುಗುತ್ತಿದ್ದವು. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ನನ್ನನ್ನು ನೋಡುತ್ತಿದ್ದ, ಆದರೆ ಕಾಣಿಸುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಸಾವ್ಕಾರನ ಜೀಪು ಹತ್ತು ಮಾರು ದೂರದಲ್ಲಿ ನಿಂತಿತ್ತು.

“ಜೀಪಿನ್ಯಾಗ ಬ್ಯಾಡ. ವಾಂತಿ ಮಾಡ್ಕೊಂಡ ಸೀಟ ಹೊಲಸ ಮಾಡ್ತಾನ. ಟ್ರೇಲರಿನ್ಯಾಗ ಹಾಕ್ರಿ,” ಎಂದ ಮುರಿಗೆಪ್ಪ.

ಆರು ವರ್ಷದಲ್ಲಿ ನಮ್ಮ ಹೊಲಕ್ಕೆ ಒಮ್ಮೆಯಷ್ಟೇ ಬಂದಿದ್ದ ಟ್ರ್ಯಾಕ್ಟರು ಆವತ್ತು ಕೂಡಲೇ ಬಂತು. ಬೆನ್ನಿನ ಪಟ್ಟಿ ಬಿಚ್ಚಲು ಯಾರಿಗೂ ಪುರುಸೊತ್ತು ಇರಲಿಲ್ಲ, ಪಂಪಿನ ಸಮೇತ ಎತ್ತಿ ಹಾಕಿದರು. ದಾರಿಯಲ್ಲಿ ನಾನೇ ಪಟ್ಟಿ ಬಿಚ್ಚಿದೆ. ಡಾಕ್ಟರು ಕೇಳಬಹುದು ಎಂದು ಸಿದ್ರಾಯ ಅರ್ಧ ಉಳಿದ ಬಾಟಲಿಯನ್ನು ಟ್ರೇಲರಿನೊಳಗೆ ಎಸೆದಿದ್ದ.

ಆಸ್ಪತ್ರೆಯಲ್ಲಿ ರಾಯಪ್ಪನಿಗೆ ಸೂಜಿ ಚುಚ್ಚಿ, ಮೂಗಿಗೆ ನಳಿಗೆ ಹಾಕಿ ಮಲಗಿಸಿದರು. ಡಾಕ್ಟರು ಬಾಟಲಿ ನೋಡಿ ಹೆಸರು ಬರೆದುಕೊಂಡು ವಾಪಸು ಕೊಟ್ಟರು. ಮರುದಿನ ಬೆಳಿಗ್ಗೆ ಅಂಕಲಗಿಯಿಂದ ಮಗಳು ಅನ್ನಪೂರ್ಣಾ ಬಂದಳು, ಜೊತೆಗೆ ಅವಳ ಅತ್ತೆ ಉದ್ದವ್ವನೂ ಬಂದಳು. ಹೆಣ್ಣು ನೋಡಲು ಬಂದಾಗ ಇದೇ ಉದ್ದವ್ವ, “ನೀವ ಕೂಲಿ ಮಾಡೂ ಮಂದಿ ಏನ್ರಿ?” ಎಂದು ನೇರವಾಗಿ ಕೇಳಿದ್ದಳು. ರಾಯಪ್ಪ ಮೀಸೆಯ ಮೇಲೆ ಕೈ ಇಟ್ಟು, “ನಾವು ಮುಯ್ಯಿ ಮಂದಿ. ಮುರಿಗೆಪ್ಪ ಸಾವ್ಕಾರ ಸೈತ ನಮ್ಮ ಮುಯ್ಯಾಗ ಅದಾರ,” ಎಂದಿದ್ದ. ಆ ಮಾತಿನ ಮೇಲೆ ಆದ ಮದುವೆ ಅದು.

ಉದ್ದವ್ವ ಮಂಚದ ಪಕ್ಕದಲ್ಲಿ ನಿಂತಿದ್ದಾಗಲೇ ನರ್ಸಮ್ಮ ಹಾಳೆ ಹಿಡಿದುಕೊಂಡು ಬಂದಳು. “ಕೂಲಿಗೆ ಹೋಗಿದ್ದರೇನಮ್ಮ?” ಅಂದಳು. ಒಳ್ಳೆಯ ದನಿಯಲ್ಲಿಯೇ ಕೇಳಿದಳು. ಉದ್ದವ್ವ ನನ್ನ ಬಾಯನ್ನೇ ನೋಡುತ್ತಿದ್ದಳು.

“ಇಲ್ಲರೀ ಬಾಯಾರ,” ಎಂದೆ. “ನಾವ ಕೂಲಿಯವರಲ್ಲ. ಮುಯ್ಯಿಗಿ ಹೋಗಿದ್ರ.”

ಸೆರಗು ಸರಿಮಾಡಿಕೊಂಡು ಹೇಳಿದೆ. ನರ್ಸಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಳು. ಮೂರನೆಯ ದಿನ ಮಧ್ಯಾಹ್ನ ರಾಯಪ್ಪ ಹೋದ. ಉದ್ದವ್ವ ಸೂತಕದ ದಿನಗಳು ಮುಗಿಯುವ ತನಕ ಬಂದು ಹೋಗಿ ಮಾಡಿದಳು, ಆಮೇಲೆ ಬರಲಿಲ್ಲ.

ಕೂಲಿ ಎಂದು ಬರೆಸಿದ್ದರೆ ಸಾವ್ಕಾರನಿಂದ ಪರಿಹಾರ ಸಿಗುತ್ತಿತ್ತು ಎಂದು ನನಗೆ ತಿಳಿದದ್ದು ದೀಪಾವಳಿಯ ಹತ್ತಿರ. ಅಷ್ಟರಲ್ಲಿ ಆ ಹಾಳೆ ಎಲ್ಲ ಮೇಜುಗಳನ್ನೂ ದಾಟಿ ಹೋಗಿತ್ತು.

*

ಪರಿಹಾರಕ್ಕೆ ಅರ್ಜಿ ಕೊಟ್ಟ ಸುದ್ದಿ ನನಗಿಂತ ಮೊದಲು ಊರು ಮುಟ್ಟಿತು. ಸಾವ್ಕಾರ ಬೈಯಲಿಲ್ಲ, ಒಂದು ಮಾತು ಹೇಳಿ ಕಳಿಸಿದ: “ಕೇಸ ಮುಗಿಯೂತನಕ ನೀರ ಬಿಡ್ತೇನಿ. ಮುಂದ ನೋಡೂನು.” ಅಷ್ಟೇ. ಊರಿಗೆ ಅಷ್ಟು ಸಾಕಾಯಿತು, ಎಲ್ಲರ ಪೈಪೂ ಅವನ ಹೊಲ ದಾಟಿಯೇ ಬರಬೇಕಲ್ಲ.

ಹಿಂಗಾರಿಗೆ ನಾನು ಗೋವಿನಜೋಳ ಹಾಕಿದ್ದೆ. ಕಳೆ ಎದ್ದಿತು. ಲಕ್ಕವ್ವನ ಮನೆಗೆ ಹೋದೆ. ಇಪ್ಪತ್ತು ವರ್ಷ ನನ್ನ ಪಕ್ಕದ ಸಾಲಿನಲ್ಲಿ ಕೂತು ಕಳೆ ತೆಗೆದವಳು ಅವಳು.

“ಮೈಯಾಗ ಆರಾಮ ಇಲ್ಲಬೇ ದುಂಡವ್ವಾ,” ಅಂದಳು. “ಮುಂದಿನ ವಾರ ನೋಡೂನು.”

ಮರುದಿನ ಅವಳು ಸತ್ತೆಪ್ಪನ ಹೊಲದಲ್ಲಿದ್ದಳು. ಆರು ಮಂದಿ ಸಾಲು ಹಿಡಿದು ಕೂತಿದ್ದರು. ನಾನು ಬದುವಿನ ಮೇಲೆ ಹಾಯ್ದು ಹೋದೆ. ಯಾರೂ ತಲೆ ಎತ್ತಲಿಲ್ಲ. ಆರು ಜನರ ಕುಡಗೋಲುಗಳು ಒಮ್ಮೆಗೇ ಜೋರಾಗಿ ಓಡತೊಡಗಿದವು.

ನನ್ನ ಇಪ್ಪತ್ತು ಗುಂಟೆಯಲ್ಲಿ ನಾನೊಬ್ಬಳೇ ಕೂತೆ. ಆರು ಮಂದಿ ಇದ್ದರೆ ಸೊಸೆಯರ ಮೇಲಿನ ಚಾಡಿ, ಹಾಡು, ನಗು, ಇದರಲ್ಲಿ ಸಾಲು ಮುಗಿದದ್ದೇ ತಿಳಿಯುವುದಿಲ್ಲ. ಒಬ್ಬಳೇ ಕೂತರೆ ಒಂದು ಸಾಲು ಮುಗಿಯಲು ಒಂದು ಜನ್ಮ ಬೇಕು. ಮಧ್ಯಾಹ್ನ ಗಂಟು ಬಿಚ್ಚಿ ರೊಟ್ಟಿ ತೆಗೆದೆ. ರೂಢಿ ನೋಡಿ, ಎಡಗಡೆ ಒಂದಿಷ್ಟು ಜಾಗ ಬಿಟ್ಟು ಕೂತಿದ್ದೆ, ಲಕ್ಕವ್ವ ಬಂದು ಕೂಡಲಿ ಎಂದು. ರಾಯಪ್ಪ ಸತ್ತಾಗ ನಾನು ಊರಿನವರ ಜೊತೆ ಅತ್ತಿದ್ದೆ. ಒಬ್ಬಳೇ ಕೂತು ಅತ್ತದ್ದು ಆವತ್ತೇ ಮೊದಲು. ಯಾರಾದರೂ ಬಂದು ಒಂದು ಬೈಗುಳವನ್ನಾದರೂ ಬೈಯಲಿ ಅನ್ನಿಸುತ್ತಿತ್ತು.

ಮನೆಗೆ ಬಂದರೆ ಅಲ್ಲಿ ಪಂಪು. ಟ್ರೇಲರಿನಿಂದ ಇಳಿಸಿ ತಂದದ್ದು ಹಿತ್ತಲ ಗೂಟಕ್ಕೆ ನೇತಾಡುತ್ತಿತ್ತು. ಸಾವ್ಕಾರ ಎರಡು ಸಲ ಆಳು ಕಳಿಸಿ ಕೇಳಿದ. ಆಸ್ಪತ್ರೆಯಲ್ಲೇ ಕಳೆಯಿತು ಎಂದು ಸುಳ್ಳು ಹೇಳಿದೆ. ಯಾಕೆ ಇಟ್ಟುಕೊಂಡೆ ಎಂದು ನನಗೂ ಗೊತ್ತಿರಲಿಲ್ಲ. ಅದರ ಪಟ್ಟಿ ರಾಯಪ್ಪನ ಹೆಗಲಿಗೆ ಬೇಕಾದಷ್ಟು ಉದ್ದಕ್ಕೆ ಇನ್ನೂ ಹಾಗೆಯೇ ಇತ್ತು.

ವಿಚಾರಣೆಗೆ ನಾಲ್ಕು ದಿನ ಇರುವಾಗ ಸಿದ್ರಾಯನ ಮನೆಗೆ ಹೋದೆ. ಅವನ ಹೆಂಡತಿ ಚಹಾ ಕೊಟ್ಟಳು. ಸಿದ್ರಾಯ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದ. ಹಿಡಿದರೂ ಚಹಾ ತುಳುಕಿತು. ಕೆಳಗಿಟ್ಟು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

“ಯಾವಾಗಿಂದ ಐತಿ ಇದು?” ಎಂದೆ.

“ಆವತ್ತಿಂದ. ನನಗೂ ವಾಂತಿ ಆಗಿತ್ತ ವೈನಿ. ದವಾಖಾನಿಗಿ ಹೋಗಲಿಲ್ಲ. ಹೋದ್ರ ಹೆಸರ ಬರಕೋತಾರ. ಹೆಸರ ಬರಕೊಂಡ್ರ ಸಾವ್ಕಾರ ನಾಳಿ ಕೆಲಸಕ್ಕ ಕರಿಯೂದಿಲ್ಲ.”

“ನೀನೂ ಅಂವಾ ಕೂಡಿ ಒಂದ ಡ್ರಮ್ಮಿನ ನೀರ ಹೊಡದೀರಿ. ನಿನಗ ಪಗಾರ ಕೊಟ್ಟಾರ. ಅದನ್ನಾರ ಬಂದ ಹೇಳೋ.”

ಹೆಂಡತಿ ಒಳಗಿನಿಂದ ಕೆಮ್ಮಿದಳು.

“ವೈನಿ, ನನ್ನ ಕೇಳಬ್ಯಾಡ,” ಅಂದ. “ನಿನ್ನ ಕಾಲ ಬೀಳ್ತೇನಿ, ನನ್ನ ಮಾತ್ರ ಕೇಳಬ್ಯಾಡ.”

ಎದ್ದು ಬಂದೆ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಕೈಗಳು ಕಣ್ಣ ಮುಂದೆ ಇದ್ದವು.

*

ಇಪ್ಪತ್ತನೇ ತಾರೀಖು. ಸಾವ್ಕಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದಿದ್ದ. ಸಾಹೇಬರು ಅವನಿಗೆ ಕುರ್ಚಿ ತೋರಿಸಿದರು. ನಾನು ನಿಂತಿದ್ದೆ. ನನಗೂ ಒಂದು ಕುರ್ಚಿ ಇತ್ತು, ಅದರ ಮೇಲೆ ಕಡತಗಳು ಕೂತಿದ್ದವು.

“ಔಷಧ ಅದರಿ, ಬೆಳಿಗಿ ಹೊಡ್ಯೂ ಔಷಧ,” ಎಂದು ಸಾವ್ಕಾರ ಶುರು ಮಾಡಿದ. “ನಾ ಹೊಡೀತೇನಿ, ನಮ್ಮಪ್ಪ ಹೊಡದಾನ. ನಮಗ ಯಾರಿಗೂ ಏನೂ ಆಗಿಲ್ಲ. ಅವಂಗ ಮೊದಲಿಂದ ಹೊಟ್ಟಿಬ್ಯಾನಿ ಇತ್ರಿ. ಇನ್ನ ಕೂಲಿ ಅಂತೀರೇನ? ರಾಯಪ್ಪಗ ಕೂಲಿ ಅಂದ್ರ ಮೀಸಿ ತಿರುವಿ ಮೈಮ್ಯಾಲ ಬರ್ತಿದ್ದಾ. ಅಂವಾ ನನ್ನ ತಮ್ಮ ಇದ್ದಂಗ ಇದ್ದಾರಿ. ಮುಯ್ಯಿಗಿ ಬರ್ತಿದ್ದಾ.” ಟವೆಲಿನ ತುದಿಯಿಂದ ಕಣ್ಣು ಒತ್ತಿಕೊಂಡ. ಕಣ್ಣು ಒಣಗಿಯೇ ಇತ್ತು.

ಸಾಹೇಬರು ನನ್ನ ಕಡೆ ತಿರುಗಿದರು. “ಏನಮ್ಮಾ, ಸಾಕ್ಷಿ ತಂದಿದ್ದೀಯಾ?”

“ಇಲ್ರಿ.”

“ಮತ್ತೆ ನಾನೇನು ಮಾಡಲಿ? ನಿನ್ನ ಹೇಳಿಕೇನೂ ಅದೇ ಇದೆ, ಅವರ ಹೇಳಿಕೇನೂ ಅದೇ.”

ಸುಳ್ಳು, ಸುಳ್ಳು ಎಂದು ಕೂಗಬೇಕೆಂದೇ ಬಂದಿದ್ದೆ. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಬಾಯಿಪಾಠ ಮಾಡಿದ್ದೆ. ಆದರೆ ಆ ಬಿಳಿ ಅಂಗಿ ನೋಡುತ್ತ ನೋಡುತ್ತ ಬೇರೆ ಮಾತು ಬಂತು.

“ಸಾಹೇಬ್ರ, ಸಾವ್ಕಾರ್ರ ಹೇಳಿದ್ದ ಬರಕೋರಿ. ಮುಯ್ಯಿ ಅಂತ ಬರಕೋರಿ. ಕೆಳಗ ಅವರ ಸಹಿ ಮಾಡಸ್ರಿ. ನನಗ ಒಂದ ನಕಲ ಕೊಡ್ರಿ.”

ಗುಮಾಸ್ತ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು ಫಕ್ಕನೆ ನಕ್ಕ. “ತನ್ನ ಕೇಸ ತಾನ ಹೂಳಾಕತ್ತಾಳ್ರಿ ಸರ ಈಕಿ.”

ಸಾವ್ಕಾರ ತನ್ನ ಜೇಬಿನ ಪೆನ್ನನ್ನೇ ತೆಗೆದು ದೊಡ್ಡದಾಗಿ ಸಹಿ ಮಾಡಿದ. ಇಂಥ ಸುಲಭದ ಸಹಿ ಅವನು ಜೀವನದಲ್ಲಿ ಮಾಡಿರಲಿಕ್ಕಿಲ್ಲ. ಗುಮಾಸ್ತ ನಕಲು ತೆಗೆದು, “ತಗೋ, ಉಪ್ಪಿನಕಾಯಿ ಹಾಕ,” ಎಂದು ನನ್ನ ಕೈಗೆ ಕೊಟ್ಟ.

ಮೆಟ್ಟಿಲು ಇಳಿಯುವಾಗ ಸಾವ್ಕಾರ ಮೆತ್ತಗೆ ಹೇಳಿದ. “ಶ್ಯಾಣ್ಯಾಕಿ ಆದಿ ನೋಡ. ಗಂಡಸರ ಗೊಡವಿ ನಿನಗ್ಯಾಕ ಬೇಕಿತ್ತ? ನಾಳಿ ಬಂದ ಒಂದ ಚೀಲ ಜ್ವಾಳಾ ಒಯ್ಯಿ. ಆ ಪಂಪ ಎಲ್ಲೈತಿ ಅಂತ ನನಗ ಗೊತ್ತೈತಿ, ಅದನ್ನೂ ಕೊಟ್ಟ ಬಿಡ.”

“ನಾಳಿ ಮುಂಜಾನಿ ನಾನ ತರ್ತೇನ್ರಿ,” ಎಂದೆ.

*

ಮುಂಜಾನೆ ಏಳು ಗಂಟೆಗೆ ಊರೆಲ್ಲ ಸಾವ್ಕಾರನ ಮನೆಯ ಮುಂದೆಯೇ ಇರುತ್ತದೆ. ಅವನ ಗೇಟಿಗೆ ಅಂಟಿಕೊಂಡೇ ಹಾಲಿನ ಡೇರಿ ಇದೆ. ಕ್ಯಾನು ಹಿಡಿದು ಪಾಳಿಯಲ್ಲಿ ನಿಂತವರು ಮೂವತ್ತು ಜನರಿದ್ದರು. ಲಕ್ಕವ್ವ ಇದ್ದಳು, ಸತ್ತೆಪ್ಪ ಇದ್ದ, ಸಿದ್ರಾಯನೂ ಇದ್ದ. ನಾನು ಬೆನ್ನಿಗೆ ಗೊಬ್ಬರದ ಚೀಲ ಹಾಸಿ, ಅದರ ಮೇಲೆ ಖಾಲಿ ಪಂಪು ಹಾಕಿಕೊಂಡು ನಡೆದು ಹೋದೆ. ಕೈಗಳಿಗೆ ಮೊಣಕೈ ತನಕ ಪ್ಲಾಸ್ಟಿಕ್ಕು ಸುತ್ತಿ ಕಟ್ಟಿಕೊಂಡಿದ್ದೆ.

ಸಾವ್ಕಾರನ ಅಂಗಳದ ತೊಟ್ಟಿಯಿಂದ ಕೊಡದಲ್ಲಿ ನೀರು ತಂದು ಪಂಪು ತುಂಬಿದೆ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಟ್ರೇಲರಿನಲ್ಲಿ ಬಂದ ಬಾಟಲಿಯ ಔಷಧವನ್ನು ಮುಚ್ಚಳದಲ್ಲಿ ಅಳೆದು ಹಾಕಿದೆ. ಅದೇ ಹಾಲಿನ ಪಾಕೀಟು ಸುತ್ತಿ ಮುಚ್ಚಿದೆ. ಎತ್ತಿ ಅವನ ಮನೆಯ ಮೆಟ್ಟಿಲ ಮೇಲೆ, ನಂದಾ ಹಾಕಿದ ರಂಗೋಲಿಯ ನಟ್ಟನಡುವೆ ಇಟ್ಟೆ. ಎರಡು ಮಾರು ಹಿಂದೆ ಸರಿದು ಕೂತೆ.

“ಸಾವ್ಕಾರ್ರ, ಮುಯ್ಯಿ ತೀರಸಾಕ ಬರ್ರಿ.”

ಸಾವ್ಕಾರ ಬನಿಯನ್ನಿನ ಮೇಲೆ ಟವೆಲು ಹಾಕಿಕೊಂಡು ಹೊರಗೆ ಬಂದ. “ಏನಬೇ ಇದು? ಮುಂಜ ಮುಂಜಾನಿ ನಾಟಕ ಹಚ್ಚೀ ಏನ?”

“ನಾಟಕ ಅಲ್ರಿ. ನನ್ನ ಗಂಡ ನಿಮ್ಮ ಹೊಲದಾಗ ಪಂಪ ಹೊತ್ತಾನ. ಮುಯ್ಯಿ ಅಂತ ನಿನ್ನಿ ನೀವ ಸಹಿ ಮಾಡೀರಿ.” ಕಚೇರಿಯ ನಕಲನ್ನು ಬಿಚ್ಚಿ ಡೇರಿಯ ಕಡೆಗೆ ತಿರುಗಿಸಿ ಹಿಡಿದೆ. “ಮುಯ್ಯಿ ಅಂದ ಮ್ಯಾಲ ತಿರುಗಿ ಬರಬೇಕಲ್ರಿ. ನನ್ನ ಗೋವಿನಜೋಳದಾಗ ಹುಳಾ ಬಿದ್ದೈತಿ. ಅದ ಪಂಪ, ಅದ ಔಷಧ. ಬರ್ರಿ, ಬೆನ್ನಿಗಿ ಹಾಕೋರಿ. ಮಧ್ಯಾಹ್ನ ರೊಟ್ಟಿ ನಾ ಕೊಡ್ತೇನಿ. ಪಂಗ್ತಿಯಾಗ ಕುಂದರಿಸಿ ಕೊಡ್ತೇನಿ, ಕೊಟ್ಟಿಗ್ಯಾಗ ಅಲ್ಲ.”

ಪಾಳಿಯಲ್ಲಿ ಕಚೇರಿಯ ಕಾಯಿದೆ ಯಾರಿಗೂ ಗೊತ್ತಿರಲಿಲ್ಲ. ಮುಯ್ಯಿಯ ಕಾಯಿದೆ ಎಲ್ಲರಿಗೂ ಗೊತ್ತಿತ್ತು.

“ಆಳ ಕಳಸ್ತೇನಿ, ನಡಿ,” ಅಂದ ಸಾವ್ಕಾರ.

“ಆಳ ಬ್ಯಾಡ್ರಿ. ತಮ್ಮನ ಮುಯ್ಯಿ ಅಣ್ಣನ ತೀರಸಬೇಕ.”

“ಏ ರಂ‍ಡಿ! ಗಂಡನ್ನ ತಿಂದ ನನ್ನ ಬಾಗಲಕ ಬಂದ ಕುಂತೀ ಏನ!” ಪಂಪನ್ನು ಒದೆಯಲು ಕಾಲು ಎತ್ತಿಕೊಂಡು ಬಂದ. ಬಂದವನು ತಡೆದು ನಿಂತ. ಮುಚ್ಚಳದಿಂದ ನೀರು ಜಿನುಗಿ ರಂಗೋಲಿಯ ಮೇಲೆ ಹರಿಯುತ್ತಿತ್ತು. ಆ ವಾಸನೆ ಮೂಗಿಗೆ ಹೊಡೆಯಿತು ಕಾಣುತ್ತದೆ, ಟವೆಲನ್ನು ಬಾಯಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹೋದ. ಅಷ್ಟರಲ್ಲಿ ಅಂಗಳದ ಕರು ಮೂಗು ಚಾಚಿಕೊಂಡು ಮೆಟ್ಟಿಲ ಹತ್ತಿರ ಬಂತು.

“ನಂದಾ! ಕರಾ ಒಳಗ ಎಳ್ಕೊ! ಮೂಸತೈತಿ, ಸಾಯತೈತಿ! ವಿಷ ಐತಿ ಅದು, ವಿಷ!”

ನಂದಾ ಓಡಿ ಬಂದು ಕರುವಿನ ಕಣ್ಣಿ ಹಿಡಿದು ಎಳೆದುಕೊಂಡು ಹೋದಳು. ಮೂವತ್ತು ಜನರೂ ಅದನ್ನು ಕೇಳಿದರು.

“ನಿನ್ನಿ ಔಷಧ ಅಂದಿದ್ರಿ,” ಎಂದೆ.

ಅವನಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ. ಅವನು ಜನರ ಕಡೆ ನೋಡುತ್ತಿದ್ದ, ಜನ ಅವನ ಕಡೆ ನೋಡುತ್ತಿದ್ದರು. ಪಾಳಿಯಲ್ಲಿ ಸಿದ್ರಾಯ ಕಂಡ.

“ಏ ಸಿದ್ರಾಯಾ, ಭಾಡ್ಯಾ, ನೋಡಕೋತ ನಿಂತೀ ಏನಲೇ? ಎತ್ತ ಅದನ್ನ! ಒಯ್ದ ಹಳ್ಳಕ್ಕ ಒಗಿ!”

ಸಿದ್ರಾಯ ಕ್ಯಾನು ಕೆಳಗಿಟ್ಟ. ಇಡುವಾಗ ಕೈ ನಡುಗಿ ಅರ್ಧ ಲೀಟರಿನಷ್ಟು ಹಾಲು ನೆಲಕ್ಕೆ ಚೆಲ್ಲಿತು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪಾಳಿ ಬಿಟ್ಟು ನಡೆದು ಬಂದ. ಅವನು ಎತ್ತುತ್ತಾನೆ, ಎತ್ತಿ ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ನಾನು ಮತ್ತೆ ಆ ಇಪ್ಪತ್ತು ಗುಂಟೆಯಲ್ಲಿ ಒಬ್ಬಳೇ ಹೋಗಿ ಕೂಡಬೇಕು.

ಅವನು ಪಂಪಿನ ಮುಂದೆ ಬಂದು ನಿಂತ. ನನ್ನನ್ನು ನೋಡಲಿಲ್ಲ. ನಡುಗುವ ಕೈಗಳನ್ನು ಕಂಕುಳಿನಿಂದ ತೆಗೆದು ಎಲ್ಲರಿಗೂ ಕಾಣುವ ಹಾಗೆ ಕೆಳಗೆ ಬಿಟ್ಟ.

“ಕೂಲಿಗೇನ್ರಿ ಸಾವ್ಕಾರ್ರ, ಮುಯ್ಯಿಗೇನ್ರಿ?” ಅಂದ. “ಮೊದಲ ಹೇಳ್ರಿ, ಆಮ್ಯಾಲ ಮುಟ್ತೇನಿ.”

ಸಾವ್ಕಾರ ಟವೆಲನ್ನು ಬಾಯಿಯಿಂದ ತೆಗೆಯಲಿಲ್ಲ. ಡೇರಿಯವನು ಹಾಲು ಅಳೆಯುವುದನ್ನು ನಿಲ್ಲಿಸಿ ಹೊರಗೆ ಬಂದು ನಿಂತ. ಪಂಪಿನ ನೀರು ಮೊದಲನೆಯ ಮೆಟ್ಟಿಲು ಇಳಿದು ಎರಡನೆಯದಕ್ಕೆ ಬಂತು. ಸಿದ್ರಾಯ ಮತ್ತೊಮ್ಮೆ ಕೇಳಿದ.